ದೂರವಾಣಿ ಮಾರ್ಗದ ಯೂನಿಕ್ಸ್ ಖಾತೆಗಳೂ ಸ್ಲರ್ಪ್ ಎಂಬ ತಂತ್ರಾಂಶವೂ

ಗಣಕವಿಜ್ಞಾನವನ್ನು ಬೋಧಿಸುವ ಅಧ್ಯಾಪಕರಿಗೆ ವರ್ಷಕ್ಕೊಮ್ಮೆಯಾದರೂ ಎದುರಾಗುವ ಪ್ರಶ್ನೆಯೊಂದುಂಟು. ಪ್ರಯೋಗಶಾಲೆಯ ಗಣಕದೊಳಗೆ ವರ್ಚುಯಲ್‌ಬಾಕ್ಸ್ ಅಥವಾ ಕ್ಯೂಎಮು ಎಂಬ ತಂತ್ರಾಂಶದ ನೆರವಿನಿಂದ ಮತ್ತೊಂದು ಕಲ್ಪಿತ ಗಣಕವನ್ನು ನಡೆಸಿ, ಅದರ ಜಾಲವಿಳಾಸವೇನೆಂದು ವಿಚಾರಿಸಿದರೆ ಸಾಮಾನ್ಯವಾಗಿ 10.0.2.15 ಎಂಬ ಉತ್ತರ ಬರುತ್ತದೆ. ಪಕ್ಕದ ಮೇಜಿನ ವಿದ್ಯಾರ್ಥಿಗೂ ಅದೇ ಉತ್ತರ. ಬೇರೊಂದು ಊರಿನ ಶಾಲೆಯಲ್ಲಿಯೂ ಅದೇ ಉತ್ತರ. ಇಷ್ಟು ಮಂದಿ ಒಂದೇ ವಿಳಾಸದಲ್ಲಿ ವಾಸಿಸುವುದೆಂತು ಎಂದು ಹುಡುಗರು ಕೇಳುತ್ತಾರೆ. ಪ್ರಶ್ನೆ ಸಣ್ಣದಾದರೂ ಅದರ ಬೇರು ಆಳವಾದುದು. ಅದನ್ನು ಅಗೆಯುತ್ತ ಹೋದರೆ, ಅಗ್ಗದ ಖಾತೆಯುಳ್ಳ ಸಾಮಾನ್ಯ ಬಳಕೆದಾರನು ಯಾರ ಅಪ್ಪಣೆಯನ್ನೂ ಬೇಡದೆ ಇಂಟರ್ನೆಟ್ಟಿನ ಪೂರ್ಣ ಸದಸ್ಯನಾದ ಕಥೆ ದೊರೆಯುತ್ತದೆ.

ಯೂನಿಕ್ಸ್ ಎಂಬುದು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜನ್ಮತಾಳಿದ ಕಾರ್ಯಾಚರಣ ವ್ಯವಸ್ಥೆ. ಒಂದೇ ಯಂತ್ರವನ್ನು ಏಕಕಾಲದಲ್ಲಿ ಹಲವರು ಬಳಸಬಹುದೆಂಬುದು ಅದರ ವೈಶಿಷ್ಟ್ಯ. 1990ರ ದಶಕದ ಆದಿಯಲ್ಲಿ ಅಮೆರಿಕ, ಆಸ್ಟ್ರೇಲಿಯ ಮೊದಲಾದ ದೇಶಗಳ ವಿಶ್ವವಿದ್ಯಾನಿಲಯಗಳೂ ಸಣ್ಣಪುಟ್ಟ ಸೇವಾಸಂಸ್ಥೆಗಳೂ ಇಂತಹ ಯಂತ್ರಗಳಲ್ಲಿ ಖಾತೆಗಳನ್ನು ಕೊಡುತ್ತಿದ್ದವು. ಮನೆಯ ಗಣಕಕ್ಕೆ ಮೋಡೆಮ್ ಜೋಡಿಸಿ, ದೂರವಾಣಿಯಿಂದ ಕರೆಮಾಡಿ, ಹೆಸರನ್ನೂ ಗುಪ್ತಪದವನ್ನೂ ಒಪ್ಪಿಸಿದರೆ, ಆ ದೂರದ ಯಂತ್ರವು ಆಜ್ಞೆಗಾಗಿ ಕಾಯುತ್ತಿತ್ತು. ಇದಕ್ಕೆ ಶೆಲ್ ಖಾತೆಯೆಂದು ಹೆಸರು. ಪೈನ್ ಎಂಬ ತಂತ್ರಾಂಶದಿಂದ ಪತ್ರ ಓದಬಹುದಿತ್ತು. ಕಾನ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾದ ಲಿಂಕ್ಸ್ ಎಂಬುದರಿಂದ ಜಾಲಪುಟಗಳ ಅಕ್ಷರಭಾಗವನ್ನು ನೋಡಬಹುದಿತ್ತು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಇಂಟರ್ನೆಟ್ಟಿಗೆ ಸೇರಿದ್ದುದು ಆ ದೂರದ ಯಂತ್ರವೇ ಹೊರತು ಮನೆಯ ಗಣಕವಲ್ಲ. ಮನೆಯದು ಬರಿಯ ಬೆರಳಚ್ಚುಯಂತ್ರ. ಅಲ್ಲಿ ಒತ್ತಿದ ಅಕ್ಷರ ಅತ್ತ ಹೋಗುತ್ತಿತ್ತು, ಅತ್ತಣ ಅಕ್ಷರ ಇತ್ತ ಮೂಡುತ್ತಿತ್ತು, ಅಷ್ಟೆ.

1993ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಮೊಸಾಯಿಕ್ ಎಂಬ ಚಿತ್ರಸಹಿತ ಬ್ರೌಸರ್ ಹೊರಬಂದ ಮೇಲೆ ಈ ಕೊರತೆ ಎದ್ದುಕಂಡಿತು. ಚಿತ್ರ ಬೇಕಾದರೆ ಮನೆಯ ಗಣಕವೇ ಟಿಸಿಪಿ/ಐಪಿ ಎಂಬ ಜಾಲಭಾಷೆಯನ್ನು ಆಡಬೇಕು. ಅದಕ್ಕೊಂದು ವಿಳಾಸ ಬೇಕು. ದೂರವಾಣಿ ತಂತಿಯ ಮೇಲೆ ಈ ಭಾಷೆಯನ್ನು ಸಾಗಿಸುವ ವಿಧಾನಗಳು ಆಗಲೇ ಇದ್ದವು. ಸ್ಲಿಪ್ ಎಂಬ ಸರಳ ವಿಧಾನವನ್ನು 1988ರಲ್ಲಿ ಬರವಣಿಗೆಗೆ ಇಳಿಸಲಾಗಿತ್ತು. ಅದಕ್ಕಿಂತ ಶಿಸ್ತಾದ ಪಿಪಿಪಿಯ ನಿಯಮಗಳು 1994ರ ವೇಳೆಗೆ ಸ್ಥಿರವಾದವು. ಮನೆಯ ಕಡೆಯ ಕೆಲಸಕ್ಕೆ ಟಾಸ್ಮೇನಿಯದ ಪೀಟರ್ ಟ್ಯಾಟಮ್ ರಚಿಸಿದ ಟ್ರಂಪೆಟ್ ವಿನ್‌ಸಾಕ್ ಇತ್ತು. ಅಡ್ಡಿಯಿದ್ದುದು ಆಚೆಯ ತುದಿಯಲ್ಲಿ. ಅಲ್ಲಿ ಸ್ಲಿಪ್ ಅಥವಾ ಪಿಪಿಪಿ ನಡೆಸಬೇಕಾದರೆ ಯಂತ್ರದ ಆಡಳಿತಗಾರನೇ ಕೈಯಿಕ್ಕಿ, ವಿಳಾಸವನ್ನು ಮೀಸಲಿಟ್ಟು, ದಾರಿಯನ್ನು ತೋರಿಸಿಕೊಡಬೇಕಾಗಿತ್ತು. ಇದಕ್ಕೆ ಸೇವಾಸಂಸ್ಥೆಗಳು ಹೆಚ್ಚಿನ ಶುಲ್ಕ ವಿಧಿಸುತ್ತಿದ್ದವು. ಕೆಲವು ವಿಶ್ವವಿದ್ಯಾನಿಲಯಗಳು ವಿದ್ಯಾರ್ಥಿಗಳಿಗೆ ಕೊಡುತ್ತಲೇ ಇರಲಿಲ್ಲ. ನಮ್ಮ ದೇಶದಲ್ಲಿಯೂ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕ ಸೇವೆಯನ್ನು ಆರಂಭಿಸಿದಾಗ ಇದೇ ಭೇದವಿತ್ತು: ವಿದ್ಯಾರ್ಥಿಗಳಿಗೆ ಅಕ್ಷರಮಾತ್ರದ ಅಗ್ಗದ ಖಾತೆ, ಹಣವುಳ್ಳವರಿಗೆ ಟಿಸಿಪಿ/ಐಪಿ ಖಾತೆ. ಒಂದೇ ತಂತಿ, ಒಂದೇ ಮೋಡೆಮ್. ಪಂಕ್ತಿ ಮಾತ್ರ ಬೇರೆ.

ಈ ಅಡ್ಡಿಯನ್ನು ದಾಟಲು ಮೂರು ಯತ್ನಗಳು ನಡೆದವು. ಮೈಕೇಲ್ ಓ'ರೈಲಿಯವರ ಟರ್ಮ್ ಎಂಬುದು ಮೊದಲಿನದು. ಆದರೆ ಅದಕ್ಕೆ ಮನೆಯಲ್ಲಿಯೂ ಯೂನಿಕ್ಸ್ ಬಗೆಯ ವ್ಯವಸ್ಥೆ ಬೇಕಾಗಿತ್ತು, ಬಳಸುವ ಒಂದೊಂದು ತಂತ್ರಾಂಶವನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕಾಗಿತ್ತು. ಸೈಬರ್‌ಸ್ಪೇಸ್ ಡೆವಲಪ್‌ಮೆಂಟ್ ಸಂಸ್ಥೆಯ ಟಿಐಎ ಈ ತೊಡಕನ್ನು ನಿವಾರಿಸಿತು. ಆದರೆ ಹಣಕೊಟ್ಟು ಪರವಾನಗಿ ಪಡೆಯಬೇಕಾಗಿತ್ತು. 1995ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರದ ಡ್ಯಾನಿ ಗ್ಯಾಸ್ಪರೋವ್‌ಸ್ಕಿ ಎಂಬವರು ಅದೇ ಕಾರ್ಯವನ್ನು ಮಾಡುವ ಸ್ಲರ್ಪ್ ತಂತ್ರಾಂಶವನ್ನು ಮೂಲಲಿಪಿಯ ಸಮೇತ ಉಚಿತವಾಗಿ ಹಂಚಿದರು.

ಅದು ಕೆಲಸಮಾಡುವ ಬಗೆಯನ್ನು ತರಗತಿಯಲ್ಲಿ ವಿವರಿಸಲು ನಮ್ಮ ಹಳ್ಳಿಗಳ 'ಕೇರಾಫ್' ವಿಳಾಸಕ್ಕಿಂತ ಉತ್ತಮವಾದ ಉಪಮಾನ ನನಗೆ ದೊರೆತಿಲ್ಲ. ತೋಟದ ಮನೆಯಲ್ಲಿರುವ ಒಕ್ಕಲಿಗೆ ಅಂಚೆಯ ವಿಳಾಸವಿಲ್ಲ. ಪೇಟೆಯ ಕಿರಾಣಿ ಅಂಗಡಿಯವನಿಗೆ ಇದೆ. ಒಕ್ಕಲು ಬರೆದುಕೊಟ್ಟ ಕಾಗದವನ್ನು ಅಂಗಡಿಯವನು ತನ್ನ ಲಕೋಟೆಯಲ್ಲಿಟ್ಟು, ತನ್ನ ಹೆಸರಿನಿಂದಲೇ ಕಳುಹಿಸುತ್ತಾನೆ. ಯಾವ ಕಾಗದ ಯಾರದೆಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಪುಸ್ತಕ ನೋಡಿ ತಲುಪಿಸುತ್ತಾನೆ. ಅಂಚೆಯವರ ಪಾಲಿಗೆ ವ್ಯವಹರಿಸಿದವನು ಅಂಗಡಿಯವನೊಬ್ಬನೇ. ಸ್ಲರ್ಪ್ ಇಂತಹ ಅಂಗಡಿಯವನು. ಶೆಲ್ ಖಾತೆಯೊಳಗೆ ಅದನ್ನು ಸಾಮಾನ್ಯ ತಂತ್ರಾಂಶದಂತೆ ಚಾಲನೆಗೊಳಿಸಿದರೆ, ಮೋಡೆಮ್ಮಿನ ಕಡೆಗೆ ಸ್ಲಿಪ್ ಅಥವಾ ಪಿಪಿಪಿಯನ್ನು ಆಡುತ್ತದೆ. ಮನೆಯಿಂದ ಬಂದ ಪ್ಯಾಕೆಟ್ಟುಗಳನ್ನು ಬಿಡಿಸಿ ಓದುತ್ತದೆ. ಜಾಲದ ಕಡೆಗೆ ಮಾತ್ರ ಯಾವ ಖಾತೆದಾರನೂ ತೆರೆಯಬಹುದಾದ ಸಾಧಾರಣ ಸಂಪರ್ಕಗಳನ್ನು ತೆರೆಯುತ್ತದೆ. ಮನೆಯ ಗಣಕದ ವಿಳಾಸ ಹೊರಜಗತ್ತಿಗೆ ಕಾಣಿಸುವುದೇ ಇಲ್ಲ. ಆದುದರಿಂದ ಎಲ್ಲರೂ 10.0.2.15 ಎಂದೇ ಇಟ್ಟುಕೊಂಡರೂ ಘರ್ಷಣೆಯಿಲ್ಲ. 10ರಿಂದ ತೊಡಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲಾದವು. ಹೊರಗಿನ ಜಾಲದಲ್ಲಿ ಅವಕ್ಕೆ ಬೆಲೆಯಿಲ್ಲ.

ಹೊಸ ಆವೃತ್ತಿಯೆಂದರೆ ಆಗ ಏನೆಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ತಿಳಿಸಿಕೊಡುವುದು ಅಗತ್ಯ. ತಾನಾಗಿ ಇಳಿದು ತಾನಾಗಿ ನೆಲೆಗೊಳ್ಳುವ ಇಂದಿನ ಸೌಕರ್ಯ ಅಂದಿರಲಿಲ್ಲ. ಆಡಳಿತಗಾರನು ಅನುಸ್ಥಾಪಿಸಿ ಕೊಡುವನೆಂಬ ಭರವಸೆಯಿಲ್ಲದ್ದರಿಂದ ಬಳಕೆದಾರನೇ ಮೂಲಲಿಪಿಯನ್ನು ತಂದು, ತನಗೆ ಸಂದ ಕಿರಿದಾದ ಸ್ಥಳದಲ್ಲಿ ಬಿಚ್ಚಿ, ಆ ಯಂತ್ರದ ಯೂನಿಕ್ಸ್ ಪ್ರಭೇದಕ್ಕೆ ಹೊಂದುವಂತೆ ಕಂಪೈಲ್ ಮಾಡಬೇಕಾಗಿತ್ತು. ಸನ್ ಯಂತ್ರದಲ್ಲಿ ನಡೆದದ್ದು ಐಬಿಎಂ ಯಂತ್ರದಲ್ಲಿ ಮುನಿಯಬಹುದಿತ್ತು. ಕಂಪೈಲರನ್ನೇ ಕೊಡದ ಸಂಸ್ಥೆಗಳಿದ್ದವು. ಅಲ್ಲಿಯ ಬಳಕೆದಾರರು ಅಂತಹುದೇ ಯಂತ್ರದಲ್ಲಿ ಬೇರೊಬ್ಬರು ಸಿದ್ಧಪಡಿಸಿದ ಪ್ರತಿಯನ್ನು ಹುಡುಕಿ ತರಬೇಕು.

ಆವೃತ್ತಿಗಳು ತಿದ್ದಬೇಕಾಗಿದ್ದ ದೋಷಗಳಲ್ಲಿ ಎರಡು ಬೋಧನಾರ್ಹವಾದವು. ಕಡತಗಳನ್ನು ತರುವ ಎಫ್‌ಟಿಪಿ ವಿಧಾನದಲ್ಲಿ ಮನೆಯ ಗಣಕವು 'ಕಡತವನ್ನು ಈ ವಿಳಾಸಕ್ಕೆ ಕಳುಹಿಸು' ಎಂದು ತನ್ನ ವಿಳಾಸವನ್ನು ಲಕೋಟೆಯ ಮೇಲಲ್ಲದೆ ಕಾಗದದ ಒಳಗೂ ಬರೆಯುತ್ತದೆ. ಅಂಗಡಿಯವನು ಲಕೋಟೆಯನ್ನಷ್ಟೆ ಬದಲಿಸಿದರೆ ಉತ್ತರವು ಇಲ್ಲದ ಊರಿಗೆ ಹೋಗುತ್ತದೆ. ಆದುದರಿಂದ ಸ್ಲರ್ಪ್ ಕಾಗದವನ್ನೇ ತೆರೆದು ಒಳಗಿನ ವಿಳಾಸವನ್ನೂ ತಿದ್ದಲು ಕಲಿಯಬೇಕಾಯಿತು. ಹರಟೆಯ ಐಆರ್‌ಸಿ, ಧ್ವನಿಯ ರಿಯಲ್ ಆಡಿಯೊ ಇವುಗಳಿಗೂ ಇಂತಹ ಪ್ರತ್ಯೇಕ ಉಪಚಾರ ಬೇಕಾಯಿತು. ಇದು ಸುಂದರವಾದ ಕ್ರಮವೇನಲ್ಲ. ಹೊಸ ಪದ್ಧತಿಯೊಂದು ಬಂದಾಗಲೆಲ್ಲ ತೇಪೆ ಹಾಕಬೇಕು. ಆದರೂ ಅನ್ಯ ಮಾರ್ಗವಿರಲಿಲ್ಲ.

ಎರಡನೆಯದು ತಂತಿಯ ನಿರ್ಮಲತೆ. ಒಂದು ಬೈಟಿಗೆ 256 ಬೆಲೆಗಳು ಸಾಧ್ಯ. ಅಕ್ಷರಗಳಿಗಾಗಿ ರಚಿತವಾದ ಮಾರ್ಗವು ಇವುಗಳಲ್ಲಿ ಕೆಲವನ್ನು ನುಂಗಿಬಿಡುತ್ತದೆ: 19 ಎಂಬುದನ್ನು 'ನಿಲ್ಲು' ಎಂದೂ 17 ಎಂಬುದನ್ನು 'ಮುಂದುವರಿಸು' ಎಂದೂ ಅರ್ಥೈಸುವ ಯಂತ್ರಗಳಿದ್ದವು. ಪತ್ರ ಓದುವವನಿಗೆ ಇದರಿಂದ ಬಾಧಕವಿಲ್ಲ. ಆದರೆ ಚಿತ್ರವೊಂದರ ನಡುವೆ 19 ಬಂದರೆ ಹರಿವು ಅಲ್ಲಿಗೇ ಸ್ತಬ್ಧ. ಸ್ಲಿಪ್ಪಿನಲ್ಲಿ ಇದಕ್ಕೆ ಪರಿಹಾರವಿಲ್ಲ; ಅದು 192ನ್ನು ಪ್ಯಾಕೆಟ್ಟಿನ ಅಂತ್ಯಸೂಚಕವೆಂದೂ 219ನ್ನು ರಕ್ಷಾಸಂಕೇತವೆಂದೂ ಬಲ್ಲುದು, ಉಳಿದುದನ್ನರಿಯದು. ಪಿಪಿಪಿಯಲ್ಲಾದರೋ ಇಂತಿಂತಹ ಸಂಕೇತಗಳನ್ನು ಮರೆಮಾಚಿ ಕಳುಹಿಸೆಂದು ಎರಡು ತುದಿಗಳೂ ಮೊದಲೇ ಮಾತಾಡಿಕೊಳ್ಳಬಹುದು. ಸ್ಲರ್ಪ್ ಈ ಎರಡನ್ನೂ ಬಲ್ಲುದಾಗಿದ್ದರಿಂದ ಕಲುಷಿತ ಮಾರ್ಗವುಳ್ಳವರಿಗೂ ಗತಿಯಾಯಿತು.

ವೇಗದ ಮಾತನ್ನೂ ಹೇಳಬೇಕು. ಸೆಕೆಂಡಿಗೆ 14,400 ಬಿಟ್ಟುಗಳ ಮೋಡೆಮ್ ಸಾಗಿಸುತ್ತಿದ್ದುದು ಸುಮಾರು 1,440 ಬೈಟುಗಳನ್ನು. ಒಂದೇ ಅಕ್ಷರ ಕಳುಹಿಸಿದರೂ ಟಿಸಿಪಿ/ಐಪಿಯ ಶಿರೋಭಾಗಕ್ಕೆ 40 ಬೈಟು ಬೇಕು. ವ್ಯಾನ್ ಜೇಕಬ್‌ಸನ್ನರು 1990ರಲ್ಲಿ ಪ್ರಕಟಿಸಿದ ಸಂಕೋಚನಕ್ರಮವು ಬದಲಾದ ಅಂಶಗಳನ್ನಷ್ಟೆ ಕಳುಹಿಸಿ, ಈ 40ನ್ನು ಬಹುಮಟ್ಟಿಗೆ 3ರಿಂದ 5ಕ್ಕೆ ಇಳಿಸಿತು. ಬಡವನ ತಂತಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆಯಿಲ್ಲ.

ಇದು ಕಳ್ಳದಾರಿಯಲ್ಲವೆ ಎಂಬ ಶಂಕೆ ವಾಚಕರಲ್ಲಿ ಹುಟ್ಟಿರಬಹುದು. ಆಡಳಿತಗಾರರಲ್ಲಿ ಹಲವರು ಹಾಗೆಯೇ ಬಗೆದರು. ಕೆಲವೆಡೆ ಸ್ಲರ್ಪನ್ನು ನಿಷೇಧಿಸಿದರು. ಅವರ ಅಹವಾಲು ನಿರಾಧಾರವಲ್ಲ. ಚಿತ್ರ ನೋಡುವವನು ತಂತಿಯನ್ನು ಗಂಟೆಗಟ್ಟಲೆ ಹಿಡಿದಿಡುತ್ತಾನೆ. ಅವನ ತಂತ್ರಾಂಶವು ಹಂಚಿಕೊಂಡ ಯಂತ್ರದ ಸ್ಮೃತಿಯನ್ನು ಬಳಸುತ್ತದೆ. ಆದರೆ ಖಾತೆದಾರನಿಗೆ ವಿಧಿವತ್ತಾಗಿ ದತ್ತವಾಗದ ಯಾವ ಅಧಿಕಾರವನ್ನೂ ಸ್ಲರ್ಪ್ ಕಸಿದುಕೊಳ್ಳುತ್ತಿರಲಿಲ್ಲವೆಂಬುದು ಗಮನಾರ್ಹ. ಅದು ಮಾಡಿದುದೆಲ್ಲ ಆತನೇ ಆಜ್ಞೆಯಿತ್ತು ಮಾಡಬಹುದಾಗಿದ್ದ ಕೆಲಸ. ಹೊರಗಿನ ಸಂಪರ್ಕಗಳೆಲ್ಲ ಆತನ ಖಾತೆಯ ಹೊಣೆಯಲ್ಲೇ ನಡೆಯುತ್ತಿದ್ದವು. ಕೂಡದೆಂಬ ಕರಾರಿಗೆ ಸಹಿಹಾಕಿ ಆಮೇಲೆ ನಡೆಸಿದವನು ತಪ್ಪಿತಸ್ಥ. ಕರಾರಿಲ್ಲದೆಡೆ ಬಳಸಿದವನನ್ನು ಕಳ್ಳನೆನ್ನಲು ನನ್ನ ಮನಸ್ಸು ಒಪ್ಪದು. ಅಗ್ಗದ ಖಾತೆಯವನು ಅಕ್ಷರವನ್ನಷ್ಟೆ ನೋಡತಕ್ಕದ್ದೆಂಬುದು ಶುಲ್ಕಪಟ್ಟಿಯ ನಿಯಮ, ಯಂತ್ರದ ನಿಯಮವಲ್ಲ.

ಪಿಪಿಪಿ ಖಾತೆಗಳ ಬೆಲೆ ಇಳಿದು, ವಿಂಡೋಸ್ 95ರಲ್ಲಿಯೇ ಅದಕ್ಕೆ ಬೇಕಾದ ಸಾಮಗ್ರಿ ಸೇರಿದ ಮೇಲೆ ಸ್ಲರ್ಪಿನ ಮೊದಲ ಉಪಯೋಗ ಕ್ರಮೇಣ ಮರೆಯಾಯಿತು. ಗ್ಯಾಸ್ಪರೋವ್‌ಸ್ಕಿಯವರ ತರುವಾಯ ಕೆಲ್ಲಿ ಪ್ರೈಸ್ ಎಂಬವರು ಅದನ್ನು ಕೆಲಕಾಲ ಪೋಷಿಸಿದರು, 1.0.17 ಎಂಬ ಅಂಕೆಯ ಪ್ರತಿ ಡೆಬಿಯನ್ ಸಂಗ್ರಹದಲ್ಲಿ ಸೇರಿತು. ಅಷ್ಟರಲ್ಲಿ ಕಲ್ಪಿತ ಗಣಕಗಳನ್ನು ನಡೆಸುವವರಿಗೆ ಅದೇ ಹಳೆಯ ಸಂಕಟ ಹೊಸ ವೇಷದಲ್ಲಿ ಬಂದಿತ್ತು: ಆಡಳಿತಗಾರನ ಅಧಿಕಾರವಿಲ್ಲದ ಸಾಮಾನ್ಯ ಬಳಕೆದಾರನು ತನ್ನ ಕಲ್ಪಿತ ಗಣಕಕ್ಕೆ ಜಾಲಸಂಪರ್ಕ ಒದಗಿಸುವುದೆಂತು? ಫಾಬ್ರಿಸ್ ಬೆಲ್ಲಾರ್ ಅವರ ಕ್ಯೂಎಮು ಸ್ಲರ್ಪಿನ ಲಿಪಿಯನ್ನೇ ಎತ್ತಿಕೊಂಡಿತು. ಮೋಡೆಮ್ಮಿನ ಸ್ಥಾನದಲ್ಲಿ ಕಲ್ಪಿತ ಜಾಲಫಲಕ ಬಂತು, ಅಂಗಡಿಯವನು ಮಾತ್ರ ಅವನೇ. ವರ್ಚುಯಲ್‌ಬಾಕ್ಸ್ ಕೂಡ ಅದೇ ದಾರಿ ಹಿಡಿಯಿತು. ಮುಂದೆ ಆ ಲಿಪಿಯನ್ನು ಲಿಬ್‌ಸ್ಲರ್ಪ್ ಎಂಬ ಸ್ವತಂತ್ರ ಗ್ರಂಥಾಲಯವಾಗಿ ಬೇರ್ಪಡಿಸಲಾಯಿತು. ಕಂಟೇನರುಗಳನ್ನು ನಡೆಸುವ ಪಾಡ್‌ಮನ್ ತಂತ್ರಾಂಶವೂ ವಿಶೇಷಾಧಿಕಾರವಿಲ್ಲದ ಬಳಕೆದಾರರಿಗಾಗಿ ಇದೇ ಸಂತತಿಯ ಸಾಧನವನ್ನು ಬಳಸುತ್ತಿತ್ತು. 2024ರ ಅದರ 5.0 ಆವೃತ್ತಿಯಲ್ಲಿ ಆ ಸ್ಥಾನಕ್ಕೆ ಪಾಸ್ತಾ ಎಂಬ ಬೇರೊಂದು ಸಾಧನ ಬಂದಿತು.

ತರಗತಿಯಲ್ಲಿ ಇದನ್ನು ಹೇಳುವಾಗ ನಾನು ಹುಡುಗರಿಂದ ಒಂದು ಪ್ರಯೋಗ ಮಾಡಿಸುತ್ತೇನೆ. ಕಲ್ಪಿತ ಗಣಕದೊಳಗಿಂದ 10.0.2.2ನ್ನು ಕೂಗಿದರೆ ಕ್ಷಣಾರ್ಧದಲ್ಲಿ ಉತ್ತರ ಬರುತ್ತದೆ. ಅದು ಅಂಗಡಿಯವನ ಸ್ವಂತ ವಿಳಾಸ. ಬಳಿಕ ಪಕ್ಕದ ಮೇಜಿನ ಗಣಕದಿಂದ ಈ 10.0.2.15ನ್ನು ಕೂಗಿಸುತ್ತೇನೆ. ಉತ್ತರ ಬರುವುದಿಲ್ಲ. ಏಕೆಂದು ಬರೆದು ತರುವುದು ಅವರ ಮನೆಗೆಲಸ.