ಹೊಸ ನುಡಿಯ ಹೊಸ್ತಿಲು

ಕಲಬುರಗಿ ಜಿಲ್ಲೆಯ ವಾಡಿ ಒಂದು ದೊಡ್ಡ ರೈಲ್ವೆ ಜಂಕ್ಷನ್. 1874ರಲ್ಲಿ ಸಿಕಂದರಾಬಾದಿನಿಂದ ಬಂದ ನಿಜಾಮ್ ಸಂಸ್ಥಾನದ ರೈಲುಮಾರ್ಗವು ಇಲ್ಲಿ ಮುಂಬಯಿಯ ಮಾರ್ಗವನ್ನು ಕೂಡಿಕೊಂಡಿತು. ಈ ನಿಲ್ದಾಣದಲ್ಲಿ ಅರೆಗಳಿಗೆ ನಿಂತರೆ ಸಾಕು, ಕನ್ನಡ, ಉರ್ದು, ತೆಲುಗು, ಮರಾಠಿಗಳು ಒಟ್ಟಿಗೆ ಕಿವಿಗೆ ಬೀಳುತ್ತವೆ. ಹಾಸುಗಲ್ಲಿಗೆ ಹೆಸರಾದ ಶಹಾಬಾದಿನಲ್ಲಿಯೂ ಚಿತ್ತಾಪುರ, ಸೇಡಂಗಳ ಸಂತೆಗಳಲ್ಲಿಯೂ ಹೀಗೆಯೇ. ಚಿಂಚೋಳಿಯ ತಾಂಡಾಗಳಲ್ಲಿ ಇವುಗಳ ಜೊತೆಗೆ ಲಂಬಾಣಿ ನುಡಿಯೂ ಸೇರುತ್ತದೆ. ಮನೆಯ ನುಡಿ ಒಂದು, ಶಾಲೆಯ ನುಡಿ ಇನ್ನೊಂದು ಆಗುವುದು ಇಲ್ಲಿಯ ಮಕ್ಕಳಿಗೆ ಹೊಸದಲ್ಲ. ಆದುದರಿಂದ ಅರಿಯದ ಭಾಷೆಯೊಂದನ್ನು ಮಗುವಿಗೆ ಹೇಗೆ ಕಲಿಸಬೇಕೆಂಬ ಪ್ರಶ್ನೆಗೆ ಈ ನಾಡಿನ ಅನುಭವವೇ ಉತ್ತರ ಹೇಳಬಲ್ಲದು.

ವಿದ್ಯೆಗೆ ಈ ನೆಲ ಅಪರಿಚಿತವಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ವು ಕನ್ನಡವು ಪ್ರದೇಶದಿಂದ ಪ್ರದೇಶಕ್ಕೆ ಬೇರೆಬೇರೆಯಾಗಿರುವುದನ್ನು ಆಗಲೇ ಗುರುತಿಸಿತ್ತು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನವೊಂದು ನಡೆಯುತ್ತಿದ್ದಿತು. ಅಲ್ಲಿಯ 1058ರ ಶಾಸನವು ಗುರುಗಳನ್ನೂ ವಿದ್ಯಾರ್ಥಿಗಳನ್ನೂ ಮಾತ್ರವಲ್ಲದೆ, ಗ್ರಂಥಗಳನ್ನು ನೋಡಿಕೊಳ್ಳುತ್ತಿದ್ದ ಸರಸ್ವತೀ ಭಂಡಾರಿಗಳನ್ನೂ ಹೆಸರಿಸುತ್ತದೆ.

ಇಂಥ ನೆಲದ ಮಕ್ಕಳು ಮುಂದೆ ಶಾಲೆಯಲ್ಲಿ ಮೌನವಾಗಿ ಕುಳಿತುಕೊಳ್ಳಬೇಕಾದ ಕಾಲವೂ ಬಂದಿತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದು ಆಡಳಿತ ಭಾಷೆಯಾಯಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನೇ ಬೋಧನಮಾಧ್ಯಮವಾಗಿ ಮಾಡಿಕೊಂಡಿತು. ಸರ್ಕಾರಿ ಶಾಲೆಗಳ ಮೇಲಿನ ತರಗತಿಗಳಲ್ಲಿಯೂ ಅದೇ ನಡೆಯಿತು. ಮನೆಯಲ್ಲಿ ಕನ್ನಡವಾಡುವ ಹುಡುಗನು ಗಣಿತವನ್ನೂ ಚರಿತ್ರೆಯನ್ನೂ ಉರ್ದುವಿನಲ್ಲಿಯೇ ಕಲಿಯಬೇಕಾಯಿತು. ಲೆಕ್ಕ ತಿಳಿಯದೆ ಅವನು ಸುಮ್ಮನಿರುತ್ತಿರಲಿಲ್ಲ. ಲೆಕ್ಕವನ್ನು ಕೇಳಿದ ಮಾತು ತಿಳಿಯದೆ ಸುಮ್ಮನಿರುತ್ತಿದ್ದನು. ದಡ್ಡತನಕ್ಕೂ ನುಡಿಯ ಕೊರತೆಗೂ ಇರುವ ಅಂತರವನ್ನು ಅರಿಯದ ಶಾಲೆಯಲ್ಲಿ ಇಬ್ಬರಿಗೂ ಸಿಗುವುದು ಒಂದೇ ಶಿಕ್ಷೆ.

ಇದು ಉರ್ದುವಿನ ದೋಷವಲ್ಲ. ಅದು ಈ ಭಾಗದ ಅನೇಕ ಮನೆಗಳ ತಾಯಿನುಡಿ. ಹಾಜರಿ, ತಾರೀಖು, ಅರ್ಜಿ, ದವಾಖಾನೆ ಮುಂತಾದ ಮಾತುಗಳು ಆ ಬಳಕೆಯಿಂದಲೇ ಕನ್ನಡದಲ್ಲಿ ಬೆರೆತವು. ಮನೆಯ ನುಡಿಯನ್ನು ಹೊಸ್ತಿಲ ಹೊರಗೆ ಬಿಟ್ಟು ಬರಬೇಕೆಂದುದೇ ತಪ್ಪು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಈ ಜಿಲ್ಲೆ ಕನ್ನಡ ನಾಡನ್ನು ಸೇರಿತು. ಕನ್ನಡವು ಶಾಲೆಯ ನುಡಿಯಾಯಿತು.

ಇದೇ ತಪ್ಪು ದೂರದ ಫ್ರಾನ್ಸಿನಲ್ಲಿಯೂ ನಡೆದುದುಂಟು. ಇಂದು ಲೋಕಪ್ರಸಿದ್ಧವಾಗಿರುವ ಫ್ರೆಂಚ್ ಭಾಷೆ ಒಂದು ಕಾಲದಲ್ಲಿ ಆ ದೇಶದ ಎಲ್ಲ ಮನೆಗಳ ಮಾತಾಗಿರಲಿಲ್ಲ. ಅದರ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತ್ಯದ ಜನರ ನುಡಿ ಬ್ರೆಟನ್. ಅಲ್ಲಿಯ ಶಾಲೆಗಳಲ್ಲಿ ಬ್ರೆಟನ್ ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಹಳೆಯ ಮರದ ಪಾದರಕ್ಷೆಯನ್ನೋ ಅಂಥ ಬೇರೊಂದು ವಸ್ತುವನ್ನೋ ಕಟ್ಟುತ್ತಿದ್ದರು. ಅದು ಕಳಚಬೇಕಾದರೆ ಬ್ರೆಟನ್ ಆಡುವ ಇನ್ನೊಂದು ಮಗುವನ್ನು ಹಿಡಿದುಕೊಡಬೇಕಾಗಿತ್ತು! ಮಕ್ಕಳು ಫ್ರೆಂಚ್ ಕಲಿತರು. ಜೊತೆಗೆ ತಾಯಿಯ ಮಾತಿಗೆ ನಾಚುವುದನ್ನೂ ಕಲಿತರು. ಅಂಥ ಪ್ರಾದೇಶಿಕ ಭಾಷೆಗಳನ್ನು ಶಾಲೆಯಲ್ಲಿ ಕಲಿಸಲು ಕಾನೂನು ಅನುಮತಿ ನೀಡಿದುದು 1951ರಲ್ಲಿ.

ಹಾಗಾದರೆ ಹೊಸ ನುಡಿಯನ್ನು ಕಲಿಸುವ ಬಗೆ ಯಾವುದು? ಅದೇ ಫ್ರೆಂಚನ್ನು ಸೇಡಂ ಅಥವಾ ವಾಡಿಯ ಏಳನೆಯ ತರಗತಿಯ ಮಕ್ಕಳಿಗೆ ಕಲಿಸಬೇಕಾಗಿದೆಯೆಂದು ಭಾವಿಸೋಣ. ಜಾಣನಾದ ಉಪಾಧ್ಯಾಯನು ವ್ಯಾಕರಣದ ಪಟ್ಟಿಯಿಂದ ತೊಡಗುವುದಿಲ್ಲ. ಮಕ್ಕಳಿಗೆ ಈಗಾಗಲೇ ತಿಳಿದುದರಿಂದ ತೊಡಗುತ್ತಾನೆ. ಫ್ರೆಂಚರು ಗೆಳೆಯನನ್ನು 'ತ್ಯು' ಎಂದೂ, ಗುರುವನ್ನು 'ವೂ' ಎಂದೂ ಕರೆಯುತ್ತಾರೆ. ನೀನು, ನೀವು ಎಂಬ ಭೇದವನ್ನು ಬಲ್ಲ ಕನ್ನಡದ ಮಗುವಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ನಮ್ಮ 'ನೀವು' ಎಂಬುದರಂತೆ 'ವೂ' ಎಂಬುದೂ ಹಲವರಿಗೂ ಸಲ್ಲುತ್ತದೆ, ಗೌರವಕ್ಕೂ ಸಲ್ಲುತ್ತದೆ. ಫ್ರೆಂಚಿನಲ್ಲಿ ನಪುಂಸಕಲಿಂಗವಿಲ್ಲ, ಪುಸ್ತಕ ಪುಲ್ಲಿಂಗ, ಮೇಜು ಸ್ತ್ರೀಲಿಂಗ. ಕನ್ನಡ ಮಾತ್ರ ಬಲ್ಲವರಿಗೆ ಇದು ವಿಚಿತ್ರ. ಆದರೆ ಉರ್ದುವಿನಲ್ಲಿ 'ಕಿತಾಬ್' ಸ್ತ್ರೀಲಿಂಗವೆಂದು ಬಲ್ಲ ಮಗು ತಟ್ಟನೆ ಒಪ್ಪಿಕೊಳ್ಳುತ್ತದೆ. ಹೀಗೆ ಕನ್ನಡವೂ ಉರ್ದುವೂ ಫ್ರೆಂಚಿಗೆ ಮೆಟ್ಟಿಲಾಗುತ್ತವೆ.

ಭಾಷೆಯೊಡನೆ ಆ ಜನರ ನಡೆನುಡಿಯೂ ಬರುತ್ತದೆ. ಫ್ರಾನ್ಸಿನಲ್ಲಿ ಅಂಗಡಿಗೆ ಹೋದವರು ಸರಕನ್ನು ಕೇಳುವ ಮೊದಲು 'ಬೊಂಜೂರ್' ಎಂದು ವಂದಿಸುತ್ತಾರೆ. ಹಿರಿಯರನ್ನು ಕಂಡೊಡನೆ 'ಶರಣ್ರಿ' ಎನ್ನುವ ಮಗುವಿಗೆ ಈ ಸೌಜನ್ಯ ಪರಕೀಯವೆನಿಸದು. ನಾವು ತೊಗರಿಯನ್ನು ಕಿಲೋದಿಂದಲೂ ಹಾಲನ್ನು ಲೀಟರಿನಿಂದಲೂ ಅಳೆಯುವ ಪದ್ಧತಿ ಹುಟ್ಟಿದುದು ಫ್ರಾನ್ಸಿನಲ್ಲಿಯೇ ಎಂದು ತಿಳಿದಾಗ, ದೂರದ ದೇಶ ಮನೆಯ ಅಡುಗೆಮನೆಗೇ ಬಂದಂತಾಗುತ್ತದೆ.

ಈ ಬಗೆ ಫ್ರೆಂಚಿಗೆ ಮಾತ್ರವಲ್ಲ, ಕನ್ನಡಕ್ಕೂ ಸಲ್ಲುತ್ತದೆ. ಚಿಂಚೋಳಿಯ ತಾಂಡಾದಿಂದ ಮೊದಲ ದಿನ ಶಾಲೆಗೆ ಬರುವ ಲಂಬಾಣಿ ಮಗುವಿಗೆ ಕನ್ನಡವೇ ಹೊಸ ನುಡಿ. ಅಂದು ಉರ್ದುವಿನ ತರಗತಿಯಲ್ಲಿ ಕನ್ನಡದ ಮಗು ಕುಳಿತಿದ್ದ ಸ್ಥಾನದಲ್ಲಿ ಇಂದು ಈ ಮಗು ಕುಳಿತಿದೆ. ಅಲ್ಪಸಂಖ್ಯಾತ ಭಾಷೆಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350-ಎ ವಿಧಿಯು ಹೇಳುತ್ತದೆ. ವಿಧಿಯ ಮಾತು ಕೊಠಡಿಯೊಳಗೆ ಬರಬೇಕಾದರೆ ಉಪಾಧ್ಯಾಯರೂ ಸಹಪಾಠಿಗಳೂ ಮನಸ್ಸು ಮಾಡಬೇಕು. "ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ?" ಎಂಬ ಒಂದು ಪ್ರಶ್ನೆ ಸಾಕು, ಮೌನವಾಗಿದ್ದ ಮಗು ಬಾಯಿ ಬಿಡುತ್ತದೆ. ಅದು ತನ್ನ ನುಡಿಯ ಒಂದು ಮಾತನ್ನು ಕೊಟ್ಟು ನಮ್ಮ ನುಡಿಯ ಒಂದು ಮಾತನ್ನು ಪಡೆಯುತ್ತದೆ. ಭಾಷೆಯ ಮೊದಲ ಪಾಠ ಅಲ್ಲಿಗೆ ಆರಂಭವಾಯಿತೆಂದೇ ತಿಳಿಯಬೇಕು.