ಬಾಕಿ: ಸೊನ್ನೆ

ಅಜ್ಜಂಪುರದ ಕಡೆಯ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ತುಂಬಿದ ಸಭೆಯಲ್ಲಿ ಅಧಿಕಾರಿಗಳೊಡನೆ ಜಗಳವಾಡಿದರೆಂಬ ಸುದ್ದಿಯು ತರೀಕೆರೆಯಿಂದ ಬೀರೂರಿನವರೆಗೆ ಹಬ್ಬಿ, ಹಬ್ಬುವ ಸುದ್ದಿಗಳಿಗೆ ಸಹಜವಾದ ಕೊಂಬುಬಾಲಗಳನ್ನು ಬೆಳೆಸಿಕೊಂಡು, ಕಡೂರಿನ ನನ್ನ ಹಳೆಯ ಶಿಷ್ಯನೊಬ್ಬನ ಬಾಯಿಂದ ನನಗೇ ಹಿಂದಿರುಗಿ ಬಂದಾಗ, ನಾನು ಮೇಜಿನ ಮೇಲಿನ ಕಂಪ್ಯೂಟರನ್ನು ನೆಲಕ್ಕಪ್ಪಳಿಸಿದೆನೆಂಬಷ್ಟರ ಮಟ್ಟಿಗೆ ಬೆಳೆದಿತ್ತು. ನಾನು ಯಾವುದನ್ನೂ ಅಪ್ಪಳಿಸಲಿಲ್ಲ. ಪರದೆಯ ಎಡಬದಿಯಲ್ಲಿದ್ದ ಫಿಲ್ಟರುಗಳನ್ನು ತೆಗೆದು ತೋರಿಸಿರೆಂದು ಕೇಳಿದೆ. ಅಷ್ಟು ಕೇಳುವ ಅಧಿಕಾರವು ಸಾಮಾನ್ಯ ಪ್ರಜೆಗೂ ಉಂಟೆಂಬುದನ್ನು ಆ ಸಭೆಗೆ ಒಪ್ಪಿಸಲು ನಾನು ಪಟ್ಟ ಪಾಡು ಇತರರಿಗೆ ಬಾರದಿರಲೆಂಬ ಉದ್ದೇಶದಿಂದಲೂ, ನನ್ನ ಮೇಲಣ ಅಪವಾದವನ್ನು ತೊಡೆದುಕೊಳ್ಳಬೇಕೆಂಬ ಸ್ವಾರ್ಥದಿಂದಲೂ ಇದನ್ನು ಬರೆಯುತ್ತಿದ್ದೇನೆ.

ಜಲ ಜೀವನ್ ಮಿಷನ್ನಿನ ಪೂರ್ವಾಪರವನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. 2019ರ ಆಗಸ್ಟ್ 15ರಂದು ಘೋಷಿತವಾಗಿ, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ಯೆಂಬ ಹೆಸರನ್ನು ತಳೆದ ಆ ಯೋಜನೆಯು ತಲೆಯೊಂದಕ್ಕೆ ದಿನಕ್ಕೆ 55 ಲೀಟರ್ ನೀರನ್ನು ನಲ್ಲಿಯಲ್ಲಿ ಹರಿಸುವ ಸಂಕಲ್ಪವನ್ನು ತೊಟ್ಟಿತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನೆರೆಯಲ್ಲೇ ಹುಟ್ಟಿ, ಬೋರ್‌ವೆಲ್ಲಿನ ಗಡಸು ನೀರನ್ನು ಕುಡಿದೇ ಮುಪ್ಪಾಗಿ, ಭದ್ರಾ ಮೇಲ್ದಂಡೆ ಯೋಜನೆಯ ಸುರಂಗವು ಅಜ್ಜಂಪುರದ ಬಳಿ ನೆಲವನ್ನು ಕೊರೆದು ಚಿತ್ರದುರ್ಗದ ಸೀಮೆಗೆ ನದಿಯ ನೀರನ್ನು ಒಯ್ಯುವುದನ್ನೂ ಕಣ್ಣಾರೆ ಕಂಡ ನಮ್ಮ ಬಯಲಿನ ಜನಕ್ಕೆ ಆ ಸಂಕಲ್ಪವು ಎಷ್ಟು ಪ್ರಿಯವಾಗಿ ಕೇಳಿತೆಂಬುದನ್ನು ಮಲೆನಾಡಿನವರು ಊಹಿಸಲಾರರು. ಲೆಕ್ಕ ಬಲ್ಲವನೆಂಬ ಕಾರಣಕ್ಕೆ ಊರಿನವರು ನನ್ನನ್ನು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗೆ ಸೇರಿಸಿದರು. ಊರಿಗೆ ನೀರು ಬಂತು. ಊರಿಗೆ ಸೇರಿದ ಗೊಲ್ಲರಹಟ್ಟಿಗೆ ಪೈಪು ಬಂತು, ಮನೆಯ ಮುಂದೆ ನಲ್ಲಿಯೂ ನಿಂತಿತು, ಆದರೆ ಟ್ಯಾಂಕಿನಿಂದ ಹಟ್ಟಿಯವರೆಗಿನ ಕೊಳವೆಯನ್ನು ಕೂಡಿಸುವ ಕೆಲಸ ಮಾತ್ರ ನಿಂತೇ ಹೋಯಿತು. “ನಲ್ಲಿ ಐತೆ ಮೇಷ್ಟ್ರೇ, ನೀರು ಒಂದಿಲ್ಲ ನೋಡ್ರಿ” ಎಂದು ಹಟ್ಟಿಯ ಹಿರಿಯ ಹೆಂಗಸೊಬ್ಬಳು ನನ್ನನ್ನು ದಾರಿಯಲ್ಲಿ ತಡೆದು ಕೇಳಿದಾಗ, ಮುಂದಿನ ಸಭೆಯಲ್ಲಿ ಇದನ್ನು ಎತ್ತುವೆನೆಂದು ಮಾತು ಕೊಟ್ಟೆ.

ಈ ಕಾಮಗಾರಿಗಳ ಪ್ರಗತಿಯನ್ನು ಈಗ ಕಡತದಲ್ಲಿ ನೋಡುವವರು ವಿರಳ, ಡ್ಯಾಶ್‌ಬೋರ್ಡಿನಲ್ಲಿ ನೋಡುತ್ತಾರೆ. ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ಗ್ರಾಮ, ಆರ್ಥಿಕ ವರ್ಷ, ಕಾಮಗಾರಿಯ ಸ್ಥಿತಿ ಎಂದು ಒಂದರ ಕೆಳಗೊಂದು ಫಿಲ್ಟರುಗಳೆಂಬ ಚೌಕಗಳಿದ್ದು, ಯಾವುದನ್ನು ಒತ್ತಿದರೆ ಅದಕ್ಕನುಗುಣವಾಗಿ ಅಂಕಿಗಳೂ ನಕ್ಷೆಯ ಬಣ್ಣಗಳೂ ಕ್ಷಣಾರ್ಧದಲ್ಲಿ ಬದಲಾಗುವುದು ನೋಡುವುದಕ್ಕೆ ಸೊಗಸೇ. ಆದರೆ ಯಂತ್ರಕ್ಕೆ ಊರು ಗೊತ್ತಿಲ್ಲ. ಯಾರೋ ಎಂದೋ ಬರೆದಿಟ್ಟ ಹೆಸರು ಮಾತ್ರ ಗೊತ್ತು. ನಮ್ಮ ಸೀಮೆಯ ಹೆಸರುಗಳೋ ಒಂದೆಡೆ ನಿಂತವಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಜಿಲ್ಲೆಗೇ ಕಡೂರು ಜಿಲ್ಲೆಯೆಂಬ ಹೆಸರಿದ್ದು ಅದು 1947ರಲ್ಲಿ ಚಿಕ್ಕಮಗಳೂರಾಯಿತು. ಬೀರೂರು ವಿಧಾನಸಭಾ ಕ್ಷೇತ್ರವು 2008ರ ಪುನರ್ವಿಂಗಡಣೆಯಲ್ಲಿ ಅಳಿಯಿತು. ತರೀಕೆರೆಯ ಹೋಬಳಿಯಾಗಿದ್ದ ಅಜ್ಜಂಪುರವು 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲೊಂದಾಗಿ ಬೇರೆಯಾಯಿತು, ವಿಧಾನಸಭೆಯ ಮಟ್ಟಿಗೆ ಮಾತ್ರ ಇಂದಿಗೂ ತರೀಕೆರೆಯೊಳಗೇ ಇದೆ. ಹೀಗಿರುವಲ್ಲಿ ಹಳೆಯ ಪಟ್ಟಿಯೊಂದನ್ನು ಯಥಾವತ್ತಾಗಿ ನಕಲು ಮಾಡಿದವನ ಕೈಯಲ್ಲಿ ಯಾವ ಹಟ್ಟಿ ಯಾವ ತಾಲ್ಲೂಕಿನಲ್ಲಿ ಉಳಿಯಿತೋ ಬಲ್ಲವರಾರು?

ತರೀಕೆರೆ, ಅಜ್ಜಂಪುರ, ಕಡೂರು ಈ ಮೂರೂ ತಾಲ್ಲೂಕುಗಳಿಗೆ ಸೇರಿಸಿ ಕರೆದ ಪ್ರಗತಿ ಪರಿಶೀಲನಾ ಸಭೆಯಲ್ಲಿ, ಮಧ್ಯಾಹ್ನದ ಊಟಕ್ಕೆ ಮುಂಚೆ, ಎಲ್ಲರ ಕಣ್ಣು ಬಾಗಿಲ ಕಡೆಗೆ ಹೊರಳುತ್ತಿದ್ದ ಹೊತ್ತಿಗೆ ನನ್ನ ಸರದಿ ಬಂತು. ಎದ್ದು ನಿಂತು, ಹಟ್ಟಿಯ ಕಾಮಗಾರಿಯು ಅಪೂರ್ಣವಾಗಿದೆಯೆಂದು ಹೇಳಿದೆ. ವೇದಿಕೆಯ ಮೇಲಿದ್ದ ಅಧಿಕಾರಿಯು (ಹೆಸರು ಬೇಡ, ಅವರು ಈಗ ವರ್ಗವಾಗಿ ಹೋಗಿದ್ದಾರೆ) ನನ್ನ ಕಡೆಗೆ ನೋಡದೆ, ಲ್ಯಾಪ್‌ಟಾಪಿನ ಮುಂದಿದ್ದ ಹುಡುಗನಿಗೆ “ಅಜ್ಜಂಪುರ ಹಾಕಪ್ಪ” ಎಂದರು. ಹುಡುಗ ಹಾಕಿದ. ಗೋಡೆಯ ಮೇಲಿನ ಪರದೆಯಲ್ಲಿ, ಬಾಗಿಲಲ್ಲಿ ನಿಂತವನಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ, ಬಾಕಿ ಕಾಮಗಾರಿ ಸೊನ್ನೆಯೆಂದು ಮೂಡಿತು.

“ನೋಡಿ ಮೇಷ್ಟ್ರೇ, ಸಿಸ್ಟಮಲ್ಲಿ ಬಾಕಿ ಇಲ್ಲ ಅಂದ್ರೆ ಇಲ್ಲ. ಕೂತ್ಕೊಳ್ಳಿ.”

ಸಭೆ ನಕ್ಕಿತು. ಮೂವತ್ತಕ್ಕೂ ಹೆಚ್ಚು ವರ್ಷ ಕಪ್ಪುಹಲಗೆಯ ಮುಂದೆ ನಿಂತವನಿಗೆ ನಗೆಯ ಭಯವಿರಬಾರದು. ಆದರೆ ಮಕ್ಕಳ ನಗೆಯಲ್ಲಿ ಇಲ್ಲದ ಒಂದು ವಿಷವು ದೊಡ್ಡವರ ನಗೆಯಲ್ಲಿರುತ್ತದೆ. ಅದಕ್ಕಿಂತಲೂ ನನ್ನನ್ನು ಚುಚ್ಚಿದ್ದು, ಪಂಚಾಯಿತಿ ಸದಸ್ಯನಾಗಿ ಮುಂದಿನ ಸಾಲಿನಲ್ಲೇ ಕುಳಿತಿದ್ದ ನನ್ನ ಭಾವಮೈದುನನು ಹಿಂದಿರುಗಿ, ಅಂಗಿಯ ತುದಿ ಹಿಡಿದೆಳೆದು, “ಭಾವ, ಕೂತ್ಕೊಳ್ಳಿ, ಮರ್ಯಾದೆ ಹೋಗುತ್ತೆ” ಎಂದದ್ದು. ಯಾರ ಮರ್ಯಾದೆ? ಗುತ್ತಿಗೆದಾರನೊಡನೆ ಬೆಳಿಗ್ಗೆ ಬೀರೂರಿನ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದವನ ಮರ್ಯಾದೆಯ ಭಾರವನ್ನು ನಾನೇಕೆ ಹೊರಬೇಕು? ಹಠಮಾರಿಯೆಂದು ನನ್ನ ಹೆಂಡತಿಯ ತವರಿನವರೆಲ್ಲರೂ ನನಗೆ ಬಿರುದು ಕೊಟ್ಟಿದ್ದಾರೆ. ಆ ದಿನ ಆ ಬಿರುದಿಗೆ ತಕ್ಕವನಾಗಿ ನಡೆದುಕೊಂಡೆನೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕೂರಲಿಲ್ಲ. ಪರದೆಯ ಎಡಬದಿಯಲ್ಲಿ ಅರ್ಧ ಮಡಚಿಕೊಂಡಿದ್ದ ಪಟ್ಟಿಯನ್ನು ಬಿಚ್ಚಿ, ಏನೇನು ಆರಿಸಿದೆಯೆಂದು ಗಟ್ಟಿಯಾಗಿ ಓದಪ್ಪಾ ಎಂದೆ. ಹುಡುಗನು ಅಧಿಕಾರಿಯ ಮುಖ ನೋಡಿದ. ಅಧಿಕಾರಿಯು ಗಡಿಯಾರ ನೋಡಿದರು. ಹಿಂದಿನ ಸಾಲಿನಿಂದ ಕಡೂರು ಕಡೆಯ ಸದಸ್ಯೆಯೊಬ್ಬರು “ಓದ್ಲಿ ಬಿಡಿ ಸಾರ್, ಏನ್ ಗಂಟು ಹೋಗುತ್ತೆ” ಎಂದರು. ಆ ತಾಯಿಗೆ ಒಳ್ಳೆಯದಾಗಲಿ. ಹುಡುಗನು ಪಟ್ಟಿಯನ್ನು ಬಿಚ್ಚಿದ. ಸ್ಥಿತಿಯೆಂಬ ಚೌಕದಲ್ಲಿ ‘ಪೂರ್ಣಗೊಂಡಿದೆ’ ಎಂಬುದೊಂದೇ ಗುರುತಾಗಿತ್ತು. ಅರ್ಧ ಗಂಟೆಯ ಮುಂಚೆ ಮುಗಿದ ಕೆಲಸಗಳ ಪಟ್ಟಿಯನ್ನು ಸಭೆಗೆ ಹೆಮ್ಮೆಯಿಂದ ತೋರಿಸುವಾಗ ಒತ್ತಿದ್ದನ್ನು ಯಾರೂ ತೆಗೆದಿರಲಿಲ್ಲ. ಪೂರ್ಣವಾದ ಕಾಮಗಾರಿಗಳನ್ನು ಮಾತ್ರ ಮುಂದಿಟ್ಟುಕೊಂಡು ಅವುಗಳಲ್ಲಿ ಬಾಕಿ ಎಷ್ಟೆಂದು ಕೇಳಿದರೆ ಬ್ರಹ್ಮನು ಲೆಕ್ಕ ಹಾಕಿದರೂ ಸೊನ್ನೆಯೇ ಬರುವುದು.

ಅದನ್ನು ತೆಗೆದಾಗ ಅಜ್ಜಂಪುರದ ಬಾಕಿ ಕಾಮಗಾರಿಗಳು ಸಾಲಾಗಿ ಇಳಿದವು. ನಮ್ಮ ಹಟ್ಟಿ ಇರಲಿಲ್ಲ. ಮತ್ತೆ ನಗೆ, ಈ ಸಲ ಸ್ವಲ್ಪ ತೆಳುವಾಗಿ. ಆರ್ಥಿಕ ವರ್ಷ ಯಾವುದೆಂದು ಕೇಳಿದೆ. ಪ್ರಕೃತ ವರ್ಷವೊಂದೇ ಇತ್ತು. ನಮ್ಮದು ಹಿಂದಿನ ಸಾಲಿನಲ್ಲಿ ಮಂಜೂರಾದದ್ದು, ಮಾರ್ಚ್ 31 ಕಳೆದೊಡನೆ ಪರದೆಯಿಂದ ಕಣ್ಮರೆಯಾಗಿತ್ತು. ಎಲ್ಲ ವರ್ಷಗಳನ್ನೂ ಹಾಕಿಸಿದೆ. ಆಗಲೂ ಇಲ್ಲ. ನನ್ನ ಕಂಠ ಒಣಗಿತು. ಕಾಲು ನಡುಗುತ್ತಿದ್ದುದನ್ನು ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದು ಮರೆಸಿದೆ. ಊಟದ ಪಾತ್ರೆಗಳ ಸದ್ದು ಹೊರಗಿನಿಂದ ಕೇಳುತ್ತಿತ್ತು. ಕಟ್ಟಕಡೆಗೆ, ತಾಲ್ಲೂಕಿನ ಚೌಕದಲ್ಲಿ ತರೀಕೆರೆಯನ್ನು ಒತ್ತಿರೆಂದೆ. “ನಮ್ ತಾಲ್ಲೂಕಿಗೆ ವಾಪಸ್ ಬಂದ್ರಾ ಮೇಷ್ಟ್ರೇ?” ಎಂದು ತರೀಕೆರೆಯ ಕಡೆಯವರೊಬ್ಬರು ಕುಚೋದ್ಯ ಮಾಡುವಷ್ಟರಲ್ಲಿ, ಪಟ್ಟಿಯ ಕೆಳತುದಿಯಲ್ಲಿ ನಮ್ಮ ಗೊಲ್ಲರಹಟ್ಟಿಯ ಸಾಲು ಕಾಣಿಸಿತು, ಎದುರಿಗೆ ‘ಪ್ರಗತಿಯಲ್ಲಿದೆ’ ಎಂಬ ಅಕ್ಷರಗಳು. ನಗುವವರಾರೂ ಉಳಿಯಲಿಲ್ಲ. ಅಧಿಕಾರಿಯು “ಟೆಕ್ನಿಕಲ್ ಪ್ರಾಬ್ಲಂ” ಎಂದು ಹೇಳಿ, ಜೆಇಯವರಿಗೆ ಗುರುತು ಹಾಕಿಕೊಳ್ಳಲು ಸೂಚಿಸಿ, ಊಟಕ್ಕೆ ಎದ್ದರು. ಕ್ಷಮೆಯ ಒಂದು ಮಾತನ್ನೂ ನಾನು ಕೇಳಲಿಲ್ಲ. ಅನ್ನಸಾರು ಮಾತ್ರ ಚೆನ್ನಾಗಿತ್ತು.

ನನ್ನಂತಹ ವೃದ್ಧನಿಗೆ ಇದೆಲ್ಲ ಹೇಗೆ ಹೊಳೆಯಿತೆಂದು ಕೇಳುವವರಿದ್ದಾರೆ. ಹೈಸ್ಕೂಲಿನ ಗಣಗಳ ಪಾಠವಲ್ಲದೆ ಇದರಲ್ಲಿ ಬೇರೇನೂ ಇಲ್ಲ. ಒಂದೇ ಚೌಕದೊಳಗೆ ಕಡೂರನ್ನೂ ತರೀಕೆರೆಯನ್ನೂ ಒಟ್ಟಿಗೆ ಗುರುತಿಸಿದರೆ ಎರಡೂ ಕೂಡಿ ಸಂಯೋಗವಾಗುತ್ತದೆ. ಬೇರೆಬೇರೆ ಚೌಕಗಳಲ್ಲಿ ಗುರುತಿಸಿದರೆ ಎಲ್ಲ ನಿಬಂಧನೆಗಳಿಗೂ ಒಮ್ಮೆಗೇ ಒಪ್ಪುವ ಛೇದನವಷ್ಟೇ ಉಳಿಯುತ್ತದೆ. ಚೌಕಗಳನ್ನು ಹೆಚ್ಚಿಸಿದಷ್ಟೂ ಛೇದನವು ಕ್ಷೀಣಿಸಿ ಶೂನ್ಯಗಣದತ್ತ ಸಾಗುವುದು ಸ್ವಾಭಾವಿಕ. ತಾಲ್ಲೂಕಿನ ಅಂಕಣವೇ ಖಾಲಿಯಿರುವ ಸಾಲುಗಳಂತೂ ಯಾವುದಾದರೊಂದು ತಾಲ್ಲೂಕನ್ನು ಆರಿಸಿದೊಡನೆ ಮಾಯವಾಗುತ್ತವೆ. ಜರಡಿ ಹಿಡಿದವರು ಹಿಟ್ಟನ್ನು ತೋರಿಸುತ್ತಾರೆ, ಮೇಲುಳಿದ ತೌಡನ್ನು ತೋರಿಸೆಂದು ನಾವೇ ಕೇಳಬೇಕು. ಆದಕಾರಣ ಮೊದಲು ಯಾವ ಆಯ್ಕೆಯೂ ಇಲ್ಲದ ಒಟ್ಟು ಮೊತ್ತವನ್ನು ಬರೆದುಕೊಂಡು, ಆಮೇಲೆ ತಾಲ್ಲೂಕುಗಳನ್ನು ಒಂದೊಂದಾಗಿ ಒತ್ತಿ ಕೂಡಿ ನೋಡಿರಿ. ಎರಡರ ನಡುವಣ ವ್ಯತ್ಯಾಸದಲ್ಲಿ ಯಾರದೋ ಹಟ್ಟಿಯೋ ತಾಂಡಾವೋ ಇರುತ್ತದೆ.

ಮಿಕ್ಕ ಸೂಚನೆಗಳು ಸಣ್ಣವು. ಬಣ್ಣದ ಚಕ್ರವನ್ನೋ ನಕ್ಷೆಯನ್ನೋ ಅರಿಯದೆ ಮುಟ್ಟಿದರೆ ಅದೂ ಒಂದು ಫಿಲ್ಟರಾಗಿ ಪುಟದ ಉಳಿದ ಅಂಕಿಗಳನ್ನೆಲ್ಲ ಬದಲಿಸುವುದುಂಟು. ಶೇಕಡಾ ಎಂದು ಕಂಡಲ್ಲಿ ಛೇದದಲ್ಲಿರುವುದೇನೆಂದು ಕೇಳಿರಿ, ಹಟ್ಟಿಯ ಮನೆಗಳನ್ನು ಮೂಲಗ್ರಾಮದೊಳಗೆ ಬೆರೆಸಿದ್ದರೆ ಊರಿನ ನೀರು ಹಟ್ಟಿಯ ಬಾಯಾರಿಕೆಯನ್ನು ಮುಚ್ಚಿಬಿಡುತ್ತದೆ. ಹಟ್ಟಿ, ಹೊಸಹಳ್ಳಿಯೆಂಬ ಹೆಸರುಗಳು ಎಲ್ಲೆಲ್ಲಿಯೂ ಇರುವುದರಿಂದ ಪಿಡಿಒ ಅವರಲ್ಲಿ ಗ್ರಾಮದ ಸಂಕೇತಸಂಖ್ಯೆಯನ್ನು ಪಡೆದು ಅದರಿಂದಲೇ ಹುಡುಕುವುದು ಕ್ಷೇಮ. ಜಲ ಜೀವನ್ ಮಿಷನ್ನಿನಲ್ಲಿ ‘ಹರ್ ಘರ್ ಜಲ್’ ಎಂದು ಇಲಾಖೆ ವರದಿ ಮಾಡಿದ ಗ್ರಾಮ ಬೇರೆ, ಗ್ರಾಮಸಭೆಯು ನಿರ್ಣಯ ಮಾಡಿ ದೃಢೀಕರಿಸಿದ ಗ್ರಾಮ ಬೇರೆ. ಎರಡನೆಯದನ್ನೇ ಆರಿಸಿ ನೋಡಿರಿ, ಮತ್ತು ನಲ್ಲಿ ಹರಿಯುವುದಕ್ಕೆ ಮುನ್ನ ಆ ನಿರ್ಣಯಕ್ಕೆ ಸಹಿ ಹಾಕಬೇಡಿರಿ. ಪರದೆಯ ಫೋಟೋ ತೆಗೆಯುವಾಗ ಎಡಬದಿಯ ಪಟ್ಟಿಯೂ ದಿನಾಂಕವೂ ಸೇರಿರಲಿ.

ಟ್ಯಾಂಕಿನ ಕೊಳವೆಯು ಆಮೇಲೆ ಕೂಡಿತು. ಹಟ್ಟಿಗೆ ಈಗ ದಿನ ಬಿಟ್ಟು ದಿನ ನೀರು ಬರುತ್ತಿದೆ. ಡ್ಯಾಶ್‌ಬೋರ್ಡಿನಲ್ಲಿ ಹಟ್ಟಿಯು ಇನ್ನೂ ತರೀಕೆರೆ ತಾಲ್ಲೂಕಿನಲ್ಲೇ ಇದೆ, ಅರ್ಜಿಗಳಿಗೆ ಉತ್ತರ ಬಂದಿಲ್ಲ. ಮೊನ್ನೆ ಶಿವನಿಯ ಕಡೆ ಮದುವೆಯೊಂದರಲ್ಲಿ ನನ್ನ ಭಾವಮೈದುನನು, ಹಟ್ಟಿಗೆ ನೀರು ತರಿಸಲು ತಾನು ತುಂಬಿದ ಸಭೆಯಲ್ಲಿ ಅಧಿಕಾರಿಗಳನ್ನು ಹೇಗೆ ಎದುರಿಸಿದೆನೆಂಬುದನ್ನು ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಸವಿಸ್ತಾರವಾಗಿ ಬಣ್ಣಿಸುತ್ತಿದ್ದನು. ನಾನು ಎದುರಿನ ಎಲೆಯಲ್ಲೇ ಇದ್ದೆ. ಹೆಂಡತಿಯ ಮುಖವನ್ನು ನೋಡಿ ಸುಮ್ಮನಾದೆ.