ಬಿಗಿದ ಬಿರಡೆಯನ್ನು ಬಿಡಿಸುವ ಕ್ರಮ

ಮೋಟಾರು ಗಾಡಿಯ ಎಂಜಿನ್ನಿನ ತಳದಲ್ಲಿ ಎಣ್ಣೆಯ ತೊಟ್ಟಿಯೊಂದಿರುತ್ತದೆ. ಬಳಸಿ ಕಪ್ಪಾದ ಎಣ್ಣೆಯನ್ನು ಹೊರಹರಿಸುವುದಕ್ಕಾಗಿ ಆ ತೊಟ್ಟಿಯ ಅಡಿಯಲ್ಲಿ ತಿರುಪುಳ್ಳ ಒಂದು ಬಿರಡೆಯನ್ನು ಇಟ್ಟಿರುತ್ತಾರೆ. ಹೆಬ್ಬೆರಳ ಗಾತ್ರದ ಈ ವಸ್ತು ಸಕಾಲದಲ್ಲಿ ಸುಲಭವಾಗಿ ಬಿಚ್ಚಿಕೊಂಡರೆ ಅದರ ನೆನಪೇ ಯಾರಿಗೂ ಬಾರದು. ಬಿಚ್ಚದೆ ಹಟ ಹಿಡಿದಾಗಲಾದರೋ ಸಿಟ್ಟಿನಿಂದ ಎಳೆದವನ ಬೆರಳ ಗೆಣ್ಣು ಒಡೆಯುತ್ತದೆ, ಬಿರಡೆಯ ಮೂಲೆಗಳು ಸವೆಯುತ್ತವೆ, ಒಮ್ಮೊಮ್ಮೆ ತೊಟ್ಟಿಯೇ ಕೆಡುತ್ತದೆ. ಸ್ವಂತ ಗಾಡಿಯನ್ನು ಇಟ್ಟುಕೊಂಡಿರುವ ಅಧ್ಯಾಪಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ಪ್ರಯೋಜನವಾದೀತೆಂದು ಈ ಕಾರ್ಯದ ಕ್ರಮವನ್ನು ಇಲ್ಲಿ ನಿರೂಪಿಸಲಾಗಿದೆ.

ಕಾರಣ

ರೋಗವನ್ನರಿಯದೆ ಔಷಧ ಕೊಡಬಾರದಷ್ಟೆ. ಬಿರಡೆ ಬಿಗಿದುಕೊಳ್ಳಲು ಮಳೆನೀರು ಮತ್ತು ಧೂಳಿನಿಂದ ಹಿಡಿದ ತುಕ್ಕು ಒಂದು ಕಾರಣ. ಅಲ್ಯೂಮಿನಿಯಂ ತೊಟ್ಟಿಗೆ ಉಕ್ಕಿನ ಬಿರಡೆ ಅಂಟಿಕೊಳ್ಳುವುದು ಇನ್ನೊಂದು. ಆದರೆ ಮುಖ್ಯ ಕಾರಣವೆಂದರೆ ಹಿಂದಿನ ಸಲ ಅದನ್ನು ಕೂರಿಸಿದವನು ಮಿತಿಮೀರಿ ಬಿಗಿದಿರುವುದು. ಇದನ್ನು ಲೆಕ್ಕದಿಂದ ತಿಳಿಯಬಹುದು. ಅನೇಕ ಸಣ್ಣ ಕಾರುಗಳ ಕೈಪಿಡಿಗಳು ಈ ಬಿರಡೆಗೆ ಸುಮಾರು 30ರಿಂದ 40 ನ್ಯೂಟನ್ ಮೀಟರಿನಷ್ಟು ಬಿಗಿತವನ್ನು ವಿಧಿಸುತ್ತವೆ. 20 ಸೆಂಟಿಮೀಟರ್ ಹಿಡಿಯ ಸ್ಪ್ಯಾನರನ್ನು ಸುಮಾರು 15ರಿಂದ 20 ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆದರೆ ಆ ಬಿಗಿತ ಲಭಿಸುತ್ತದೆ. ಅದೇ ಹಿಡಿಗೆ ಕೊಳವೆ ಸಿಕ್ಕಿಸಿ 60 ಸೆಂಟಿಮೀಟರಿಗೆ ಹೆಚ್ಚಿಸಿ, 40 ಕಿಲೋಗ್ರಾಂ ಬಲವನ್ನು ಹಾಕಿದವನು ತನಗೆ ಅರಿವಿಲ್ಲದೆಯೇ 40 ನ್ಯೂಟನ್ ಮೀಟರಿನ ಆರು ಪಟ್ಟು ಬಿಗಿದಿರುತ್ತಾನೆ. ಎಣ್ಣೆ ಸೋರಬಾರದೆಂಬ ಭಯದಿಂದ ಅವನು ಹೀಗೆ ಮಾಡಿರಬಹುದು. ಸೋರಿಕೆಯನ್ನು ತಡೆಯತಕ್ಕದ್ದು ತಿರುಪಿನ ಬಿಗಿತವಲ್ಲ, ಬಿರಡೆಯ ಕೊರಳಿನಲ್ಲಿರುವ ವಾಷರು ಎಂಬುದನ್ನು ಅವನು ಮರೆತಿರುತ್ತಾನೆ.

ಸಿದ್ಧತೆ

ಪ್ರಾಣರಕ್ಷಣೆಯು ಎಲ್ಲಕ್ಕಿಂತ ಮೊದಲನೆಯದು. ಗಾಡಿಯನ್ನು ಸಮತಲವಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಎಳೆದು, ನೆಲದ ಮೇಲಿರುವ ಗಾಲಿಗಳಿಗೆ ಅಡ್ಡಗಟ್ಟೆ ಇಡಬೇಕು. ಜಾಕಿಯು ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ. ಭದ್ರವಾದ ಸ್ಟ್ಯಾಂಡುಗಳನ್ನು ಕೊಡದೆ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಇಟ್ಟಿಗೆಯನ್ನಾಗಲಿ ಪೊಳ್ಳು ಸಿಮೆಂಟ್ ಇಟ್ಟಿಗೆಯನ್ನಾಗಲಿ ನಂಬುವಂತಿಲ್ಲ, ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ.

ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಿದರೆ ಎಣ್ಣೆ ತೆಳುವಾಗಿ, ಕೊಳೆಯೊಡನೆ ಹರಿದುಬರುತ್ತದೆ. ಅದು ಬೆಚ್ಚಗಿದ್ದರೆ ಸಾಕು, ಕೈಸುಡುವಂತಿರಬಾರದು. ಹೊಸ ಬಿರಡೆಯನ್ನೂ ಹೊಸ ವಾಷರನ್ನೂ ಮೊದಲೇ ತಂದಿಟ್ಟುಕೊಳ್ಳುವುದು ವಿವೇಕ. ಬಿಡಿಸಲಿರುವುದು ಎಂಜಿನ್ನಿನ ಬಿರಡೆಯೇ ಎಂಬುದನ್ನೂ ನಿಶ್ಚಯಿಸಿಕೊಳ್ಳಬೇಕು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂತಹ ಮುಂಗಾಲಿ ಚಾಲನೆಯ ಗಾಡಿಗಳಲ್ಲಿ ಎಂಜಿನ್ನೂ ಗೇರುಪೆಟ್ಟಿಗೆಯೂ ಅಕ್ಕಪಕ್ಕದಲ್ಲಿರುವುದರಿಂದ, ಒಂದನ್ನು ಇನ್ನೊಂದೆಂದು ಭ್ರಮಿಸಿ ಗೇರಿನ ಎಣ್ಣೆಯನ್ನು ಚೆಲ್ಲುವ ಸಂಭವವುಂಟು.

ಬಿಡಿಸುವಿಕೆ

ತಂತಿಯ ಕುಂಚದಿಂದ ಬಿರಡೆಯ ತಲೆಯನ್ನು ಉಜ್ಜಿ ಶುಚಿಗೊಳಿಸಿ, ಅದಕ್ಕೆ ಸರಿಹೊಂದುವ ಆರು ಮೂಲೆಯ ಸಾಕೆಟ್ಟನ್ನೇ ಆರಿಸಬೇಕು. ಹನ್ನೆರಡು ಮೂಲೆಯದು ಬಿರಡೆಯ ಮೂಲೆಗಳ ಸಮೀಪದಲ್ಲಿ ಮಾತ್ರ ಒತ್ತುವುದರಿಂದ ಅವನ್ನು ಬೇಗ ಸವೆಸುತ್ತದೆ. ಬ್ರಿಟಿಷ್ ಮಾದರಿಯ ಎಂಜಿನ್ನುಳ್ಳ ಹಳೆಯ ಅಂಬಾಸಡರ್ ಗಾಡಿಗಳಲ್ಲಿ ಅಂಗುಲದ ಅಳತೆಯೂ ಈಚಿನ ಗಾಡಿಗಳಲ್ಲಿ ಮಿಲಿಮೀಟರಿನ ಅಳತೆಯೂ ಬಳಕೆಯಲ್ಲಿವೆ. 11/16 ಅಂಗುಲವೆಂದರೆ ಸುಮಾರು 17.5 ಮಿಲಿಮೀಟರು, ಅಂತಹ ತಲೆಗೆ 18ರ ಸಾಕೆಟ್ಟನ್ನು ತೊಡಿಸಿದರೆ ಆ ಅರ್ಧ ಮಿಲಿಮೀಟರಿನ ಸಡಿಲವೇ ಕೆಡುಕಿಗೆ ಮೂಲವಾಗುತ್ತದೆ.

ಇನ್ನು ದಿಕ್ಕಿನ ವಿಚಾರ. ಎಡ, ಬಲ ಎಂಬ ಶಬ್ದಗಳು ನೋಡುವವನನ್ನು ಅಪೇಕ್ಷಿಸುವಂಥವು. ಮೇಲಿನಿಂದ ಬಗ್ಗಿ ಕೈಯಿಳಿಬಿಟ್ಟವನಿಗೂ ಕೆಳಗೆ ಮಲಗಿ ನೋಡುವವನಿಗೂ ಅವು ತಿರುವುಮುರುವಾಗುತ್ತವೆ. ಬಿರಡೆಯ ತಲೆಗೆ ಎದುರಾಗಿ ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ ಎಂಬುದೇ ನಿಶ್ಚಿತವಾದ ಲಕ್ಷಣ. ಇದನ್ನು ಮರೆತು ಬಿಡಿಸುತ್ತಿದ್ದೇನೆಂದು ಬಿಗಿಯುತ್ತ ಹೋದವರು ಉಂಟು.

ಬಿರಡೆಯ ಅಂಚಿನಲ್ಲಿ ತುಕ್ಕಿದ್ದರೆ ಒಳಸೇರುವ ತೆಳು ಎಣ್ಣೆಯನ್ನು ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಅತಿಬಿಗಿತವೇ ಕಾರಣವಾಗಿದ್ದರೆ ಅದರಿಂದ ಹೆಚ್ಚಿನ ಫಲವಿಲ್ಲ. ಸುತ್ತಿಗೆಯಿಂದ ತಲೆಗೆ ನೇರವಾಗಿ ಹದವಾದ ನಾಲ್ಕೈದು ಏಟು ಕೊಟ್ಟರೆ ತುಕ್ಕಿನ ಹಿಡಿತ ಬಿರಿಯುತ್ತದೆ. ಬಳಿಕ ಉದ್ದ ಹಿಡಿಯನ್ನು ಜೋಡಿಸಿ, ಒಂದು ಕೈಯಿಂದ ಸಾಕೆಟ್ಟನ್ನು ತಲೆಗೆ ಒತ್ತಿಹಿಡಿದು, ಇನ್ನೊಂದರಿಂದ ಜಗ್ಗದೆ ಒಂದೇ ಸಮನೆ ಎಳೆಯಬೇಕು. ಗಾಡಿ ಅಲುಗುವಂತಿದ್ದರೆ ಕೂಡಲೇ ನಿಲ್ಲಿಸತಕ್ಕದ್ದು.

ಮೂಲೆಗಳು ಈಗಾಗಲೇ ಸವೆದಿದ್ದರೆ ತುಸು ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಬಹುದು. ಸವೆದ ತಲೆಯನ್ನು ಕಚ್ಚಿ ಹಿಡಿಯುವ ವಿಶೇಷ ಸಾಕೆಟ್ಟುಗಳೂ ದೊರೆಯುತ್ತವೆ. ಎಣ್ಣೆ ತುಂಬಿದ ತೊಟ್ಟಿಯ ಬಳಿ ಬೆಂಕಿಯ ಜ್ವಾಲೆಯನ್ನು ಒಯ್ಯುವುದು ಸರ್ವಥಾ ನಿಷಿದ್ಧ. ಯಾವುದರಿಂದಲೂ ಆಗದಿದ್ದರೆ ಎಣ್ಣೆಯಳೆಯುವ ಕಡ್ಡಿಯ ನಾಳದಿಂದ ಹಳೆಯ ಎಣ್ಣೆಯನ್ನು ಪಂಪಿನಿಂದ ಹೀರಿ ತೆಗೆದು, ಹೊಸತನ್ನು ತುಂಬಿ, ಬಿರಡೆಯನ್ನು ನುರಿತ ಕುಶಲಕರ್ಮಿಗೆ ಒಪ್ಪಿಸುವುದು ಲೇಸು. ಇದನ್ನು ಸೋಲೆಂದು ಭಾವಿಸಬೇಕಾಗಿಲ್ಲ.

ಮರುಜೋಡಣೆ

ಬಿಡಿಸಿದ್ದರಿಂದ ಪಾಠ ಮುಗಿಯಲಿಲ್ಲ. ತಿರುಪಿನ ಎಳೆಗಳನ್ನು ಒರೆಸಿ ಪರೀಕ್ಷಿಸಿ, ಹೊಸ ವಾಷರನ್ನು ಹಾಕಿ, ಮೊದಲ ಸುತ್ತುಗಳನ್ನು ಬರಿಯ ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ತಡೆಯುಂಟಾದರೆ ಎಳೆ ಅಡ್ಡಹಾದಿ ಹಿಡಿದಿದೆಯೆಂದು ತಿಳಿದು ಹಿಂದಕ್ಕೆ ಬಿಚ್ಚತಕ್ಕದ್ದು. ಕೊನೆಯ ಬಿಗಿತವನ್ನು ಆ ಗಾಡಿಯ ಕೈಪಿಡಿ ಹೇಳಿದಷ್ಟೇ, ಸಾಧ್ಯವಾದರೆ ಬಿಗಿತವನ್ನಳೆಯುವ ಟಾರ್ಕ್ ಸ್ಪ್ಯಾನರಿನಿಂದ ಕೊಡಬೇಕು. ಬಿಡಿಸಲು ಬಳಸಿದ ಉದ್ದ ಹಿಡಿಯನ್ನು ಬಿಗಿಯಲು ಮುಟ್ಟಲೇಬಾರದು. ಹೊಸ ಎಣ್ಣೆಯನ್ನು ಅಳತೆಗೆ ತುಂಬಿದ ಮೇಲೆಯೇ ಎಂಜಿನ್ನನ್ನು ಓಡಿಸಿ, ಸೋರಿಕೆಯನ್ನು ನೋಡಬೇಕು. ಸಡಿಲಬಿಟ್ಟ ಬಿರಡೆ ದಾರಿಯಲ್ಲಿ ಕಳಚಿಬಿದ್ದರೆ ಎಣ್ಣೆಯಿಲ್ಲದ ಎಂಜಿನ್ನು ಅಲ್ಪಕಾಲದಲ್ಲೇ ಹಾಳಾಗುತ್ತದೆ.

ಬಳಸಿದ ಎಣ್ಣೆ ಪದೇ ಪದೇ ಚರ್ಮಕ್ಕೆ ಸೋಕುವುದು ಹಾನಿಕರ, ಕೈಗವಸು ತೊಡಬೇಕು. 2016ರ ಅಪಾಯಕರ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಈ ಎಣ್ಣೆಯೂ ಸೇರಿದೆ. ಆದ್ದರಿಂದ ಅದನ್ನು ಚರಂಡಿಗೂ ಮಣ್ಣಿಗೂ ಸುರಿಯದೆ, ಡಬ್ಬಿಯಲ್ಲಿ ತುಂಬಿ ಅಧಿಕೃತವಾಗಿ ಸಂಗ್ರಹಿಸುವವರಿಗೆ ತಲುಪಿಸಬೇಕು.

ಬಿರಡೆಯನ್ನು ಬಿಗಿಯುವವನೊಬ್ಬ, ಮುಂದೊಂದು ದಿನ ಅದನ್ನು ಬಿಡಿಸುವವನು ಬಹುಶಃ ಇನ್ನೊಬ್ಬ. ಅವರಿಬ್ಬರೂ ಪರಸ್ಪರ ಮುಖ ನೋಡಿರಲಿಕ್ಕಿಲ್ಲ. ಆದರೂ ಮೊದಲನೆಯವನ ಮಿತಿ ಎರಡನೆಯವನ ಕೈಯನ್ನು ಕಾಯುತ್ತದೆ. ಕೆಲಸ ಕಲಿಸುವಾಗ ನಾವು ಮಕ್ಕಳಿಗೆ ಬಿಡಿಸುವ ಉಪಾಯಕ್ಕಿಂತ ಮೊದಲು ಬಿಗಿಯುವ ಹದವನ್ನು ಹೇಳಿಕೊಡುವುದು ಉಚಿತ.